ಮನೇಲಿರೋ ಟೀಚರ್ ನಾನಲ್ಲ, ನಮ್ಮತ್ತೆ

ನಾನು ಮಾಂಟೆಸ್ಸರಿ ಟೀಚರ್ ಅಂತ ಗೊತ್ತಾದ ತಕ್ಷಣ ಜನ ಎರಡು ಮಾತು ಆಡ್ತಾರೆ. ಮೊದಲನೇದು, “ಅಷ್ಟು ಚಿಕ್ಕ ಮಕ್ಕಳನ್ನ ಹೆಂಗ್ರೀ ಸುಧಾರಿಸ್ತೀರಾ?” ಎರಡನೇದು, ನನ್ನ ಸೊಂಟದ ಮೇಲಿರೋ ಮಗನ್ನ ನೋಡಿ, “ಇವನಿಗೇನ್ ಬಿಡಿ, ಮನೇಲೇ ಟೀಚರ್ ಇದ್ದಾರೆ.” ಮೊದಲನೇ ಮಾತಿಗೆ ನಕ್ಕು ಸುಮ್ಮನಾಗ್ತೀನಿ. ಎರಡನೇದಕ್ಕೆ ಮಾತ್ರ ಸ್ವಲ್ಪ ಉದ್ದವಾಗೇ ಉತ್ತರ ಕೊಡಬೇಕು ಅಂತ ಬಹಳ ದಿನದಿಂದ ಅನ್ಕೊಂಡಿದ್ದೆ. ಸಂಕ್ರಾಂತಿ ರಜೆ, ಪುಟ್ಟ ಮಲಗಿದ್ದಾನೆ, ಬರೀತೀನಿ.

ಪುಟ್ಟನಿಗೆ ಈಗ ಎರಡು ವರ್ಷ ದಾಟಿ ಎರಡು ತಿಂಗಳು. ನಮ್ಮ ಶಾಲೆಗೆ ಸೇರಿಸ್ಕೊಳ್ಳೋದು ಎರಡೂವರೆ ತುಂಬಿದ ಮೇಲೆ. ಹಾಗಾಗಿ ನಾನು ದಿನಾ ಬೆಳಿಗ್ಗೆ ನನ್ನ ಮಗನ್ನ ಮನೇಲಿ ಬಿಟ್ಟು ಊರವರ ಮಕ್ಕಳನ್ನ ನೋಡ್ಕೊಳ್ಳೋಕೆ ಹೋಗ್ತೀನಿ. ನಮ್ಮ ಮನೆಯವರು ಬೆಂಗಳೂರಿನ ಟ್ರೈನ್ ಹಿಡಿಯೋಕೆ ಕತ್ತಲೆ ಇರುವಾಗ್ಲೇ ಹೊರಟಿರ್ತಾರೆ. ತುಮಕೂರಲ್ಲಿ ಅರ್ಧ ಮನೆಗಳ ಕಥೆ ಇದೇ, ವಿವರಿಸೋ ಅಗತ್ಯ ಇಲ್ಲ. ನಾನು ಸ್ಕೂಟಿ ತಗೊಂಡು ಕ್ಯಾತ್ಸಂದ್ರದಿಂದ ಬಿ.ಎಚ್. ರಸ್ತೆಗೆ ಬರೋ ಹೊತ್ತಿಗೆ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಕಾರುಗಳು ನಿಂತಿರ್ತವೆ. ಮಧ್ಯಾಹ್ನ ಮಕ್ಕಳು ಹೋದ ಮೇಲೆ ಶೆಲ್ಫ್ ಒರೆಸಿ, ಮೆಟೀರಿಯಲ್ ಜೋಡಿಸಿ, ರೆಕಾರ್ಡ್ ಬರೆದು ಮನೆಗೆ ಬರೋ ಹೊತ್ತಿಗೆ ಪುಟ್ಟ ಉಂಡು ಮಲಗಿರ್ತಾನೆ. ಅವನು ಎದ್ದಿರೋ ಹೊತ್ತಿನಲ್ಲಿ ಹೆಚ್ಚಿನ ಪಾಲು ಅವನ ಜೊತೆ ಇರೋದು ನಮ್ಮತ್ತೆ.

ಅತ್ತೆಯದು ಗುಬ್ಬಿ ಕಡೆ ಹಳ್ಳಿ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ನಾನು ಬೆಂಗಳೂರಿಗೆ ಹೋಗಿ ಬಂದು ಮಾಂಟೆಸ್ಸರಿ ಡಿಪ್ಲೊಮಾ ಮಾಡುವಾಗ ರಾತ್ರಿಯೆಲ್ಲ ಕೂತು ಆಲ್ಬಂ ಬರೀತಿದ್ದದ್ದನ್ನ ನೋಡಿ, “ಇಷ್ಟು ಬರೆಯೋರು ಡಾಕ್ಟ್ರೇ ಆಗಬಹುದಿತ್ತಲ್ಲಮ್ಮ” ಅಂದಿದ್ರು. ಒಂದೊಂದು ಮೆಟೀರಿಯಲ್ಲಿಗೂ ಉದ್ದೇಶ ಏನು, ಹೇಗೆ ಎತ್ತಬೇಕು, ಯಾವ ಕೈ ಮೊದಲು, ಮಗು ತಪ್ಪಿದ್ರೆ ಅದಕ್ಕೆ ಹೇಗೆ ತಾನೇ ಗೊತ್ತಾಗುತ್ತೆ, ಇದೆಲ್ಲ ಚಿತ್ರ ಸಮೇತ ಬರೀಬೇಕು. ಆ ಆಲ್ಬಂಗಳು ಈಗ ಅಟ್ಟದ ಮೇಲಿವೆ.

ನಮ್ಮ ಶಾಲೆಯಲ್ಲಿ ಎರಡೂವರೆಯಿಂದ ಆರು ವರ್ಷದ ತನಕದ ಮಕ್ಕಳು ಒಂದೇ ಕೋಣೆಯಲ್ಲಿ ಇರ್ತಾರೆ. ನಾವು ಅದನ್ನ ಕ್ಲಾಸ್ ಅನ್ನಲ್ಲ, ಎನ್ವಿರಾನ್ಮೆಂಟ್ ಅಂತೀವಿ. ಮಕ್ಕಳು ನಮ್ಮನ್ನ ಮಿಸ್ ಅನ್ನಲ್ಲ, ಆಂಟಿ ಅಂತಾರೆ. ಬ್ಲ್ಯಾಕ್‌ಬೋರ್ಡ್ ಮುಂದೆ ನಿಂತು ಪಾಠ ಮಾಡೋದಿಲ್ಲ. ಮಗು ಚಾಪೆ ಹಾಸಿ, ಶೆಲ್ಫಿನಿಂದ ತನಗೆ ಬೇಕಾದ್ದನ್ನ ತಂದು, ಮುಗಿದ ಮೇಲೆ ತೆಗೆದಲ್ಲೇ ಇಟ್ಟು, ಚಾಪೆ ಸುತ್ತಿ ಇಡಬೇಕು. ನಮ್ಮ ಕೆಲಸ ಒಂದು ಸಲ ತೋರಿಸೋದು. ಅದಕ್ಕೆ ಪ್ರೆಸೆಂಟೇಶನ್ ಅಂತೀವಿ. ಆಮೇಲೆ ಕೈ ಕಟ್ಟಿ ಕೂರೋದು. ಕೇಳೋಕೆ ಸುಲಭ. ನಾಲ್ಕು ವರ್ಷದ ಹುಡುಗಿ ಗುಂಡಿ ಹಾಕೋಕೆ ಒದ್ದಾಡ್ತಿರುವಾಗ ನಮ್ಮ ಕೈ ತನ್ನಷ್ಟಕ್ಕೆ ಮುಂದೆ ಹೋಗುತ್ತಲ್ಲ, ಅದನ್ನ ಹಿಡಿಯೋದಕ್ಕೇ ಟ್ರೈನಿಂಗಿನ ಅರ್ಧ ಹೋಗುತ್ತೆ.

ಹೊಸದಾಗಿ ಬಂದ ಅಪ್ಪ ಅಮ್ಮಂದಿರಿಗೆ ತಲೆಬಿಸಿ ಆಗೋದು ಇಪಿಎಲ್ ನೋಡಿದಾಗ. ಎಕ್ಸರ್‌ಸೈಸಸ್ ಆಫ್ ಪ್ರಾಕ್ಟಿಕಲ್ ಲೈಫ್, ಅಂದ್ರೆ ದಿನನಿತ್ಯದ ಕೆಲಸಗಳ ಅಭ್ಯಾಸ. ನೀರು ಸುರಿಯೋದು, ಕಸ ಗುಡಿಸೋದು, ಬಟ್ಟೆ ಮಡಿಸೋದು, ಗುಂಡಿ ಹಾಕೋದು, ಸೌತೆಕಾಯಿ ಹೆಚ್ಚೋದು ಎಲ್ಲ ಅದರಲ್ಲಿ ಬರುತ್ತೆ. “ಮನೇಲಿ ಮಾಡೋ ಕೆಲಸ ಮಾಡ್ಸೋಕೆ ಫೀಸ್ ಯಾಕೆ ಕೊಡಬೇಕು ಮೇಡಂ?” ಅಂತ ಒಬ್ಬರು ಮುಖಕ್ಕೇ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಈ ಪದ್ಧತಿ ಶುರು ಮಾಡಿದ ಇಟಲಿಯ ಡಾಕ್ಟರ್ ಮಾರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಬಡಾವಣೆಯಲ್ಲಿ ಮೊದಲನೇ ‘ಮಕ್ಕಳ ಮನೆ’ ಶುರು ಮಾಡಿದಾಗ ಅಲ್ಲಿಗೆ ಬಂದ ಮಕ್ಕಳ ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗ್ತಿದ್ರು. ಹಗಲೆಲ್ಲ ಮನೇಲಿ ದೊಡ್ಡವರೇ ಇಲ್ಲ ಅಂದ್ಮೇಲೆ ಮಗು ಯಾರ ಕೆಲಸ ನೋಡಿ ಕಲೀಬೇಕು? ಮುಖ ತೊಳೆಯೋದು, ಊಟ ಬಡಿಸೋದು ಎಲ್ಲ ಆ ಶಾಲೆಯಲ್ಲೇ ನಡೀತು. ಆಟದ ಸಾಮಾನು ಇಟ್ಟಿದ್ರೂ ಮಕ್ಕಳು ಅದನ್ನ ಬಿಟ್ಟು ನಿಜವಾದ ಕೆಲಸಕ್ಕೇ ಬರ್ತಿದ್ದದ್ದನ್ನ ಅವರು ಗಮನಿಸಿದ್ರು. ಈಗಿನ ಅಪಾರ್ಟ್‌ಮೆಂಟಿನಲ್ಲಿ ಮಿಕ್ಸಿ, ವಾಷಿಂಗ್ ಮಷೀನು, ಪ್ಯಾಕೆಟ್ ಹಿಟ್ಟು, ಕೆಲಸದವರು, ಮೊಬೈಲು ಇರೋ ಮನೆಯ ಮಗುವಿಗೂ ಹೆಚ್ಚುಕಮ್ಮಿ ಅದೇ ಪರಿಸ್ಥಿತಿ. ಅದಕ್ಕೇ ನಾವು ಶೆಲ್ಫಿನ ಮೇಲೆ ಟ್ರೇಯಲ್ಲಿ ಕೆಲಸ ಜೋಡಿಸಿಡ್ತೀವಿ.

ನಮ್ಮತ್ತೆ ಇರೋ ಮನೇಲಿ ಕೆಲಸಕ್ಕೆ ಬರ ಇಲ್ಲ. ಜೋಡಿಸಿಡೋ ಅಗತ್ಯ ಅಂತೂ ಇಲ್ಲವೇ ಇಲ್ಲ.

ಈ ತಿಂಗಳ ಅವರೆಕಾಯಿಯನ್ನೇ ತಗೊಳ್ಳಿ. ಡಿಸೆಂಬರ್ ಶುರುವಾದ್ರೆ ನಮ್ಮ ಮನೇಲಿ ಅವರೆಕಾಯಿ ಬಿಟ್ಟು ಬೇರೆ ಯೋಚನೆ ಇರಲ್ಲ. ಅತ್ತೆ ತಳ್ಳೋಗಾಡಿಯವನ ಹತ್ತಿರ ನಿಂತು ಕಾಯಿ ಮೂಸಿ ನೋಡಿ, ಸೊಗಡಿಲ್ಲ ಅಂದ್ರೆ ವಾಪಸ್ ಹಾಕ್ತಾರೆ. ಸೊಗಡಿದ್ರೆ ಚೀಲಗಟ್ಟಲೆ ಬರುತ್ತೆ. ವರಾಂಡದಲ್ಲಿ ಹಳೇ ಸೀರೆ ಹಾಸಿ ರಾಶಿ ಸುರಿದ್ರೆ ಬೆಳಗ್ಗೆಯ ಕಾರ್ಯಕ್ರಮ ಶುರು. ಪುಟ್ಟನಿಗೆ ಬಾ ಅಂತ ಯಾರೂ ಕರೆಯಲ್ಲ. ಅವನೇ ಬಂದು ಕೂರ್ತಾನೆ. ಮೊದಲು ಸುಲಿದ ಸಿಪ್ಪೆಯನ್ನ ಬುಟ್ಟಿಗೆ ಹಾಕೋದು ಅವನ ಪಾಲಿಗೆ ಬಂತು. ಆಮೇಲೆ ಕಾಯಿಯಲ್ಲಿ ಹುಳ ಕಂಡ್ರೆ “ಉಳಾ!” ಅಂತ ಕೂಗಿ ತೋರಿಸೋದು. ಈ ಎರಡನೇ ಕೆಲಸದಲ್ಲಿ ಅವನಷ್ಟು ಶ್ರದ್ಧೆ ಯಾರಿಗೂ ಇಲ್ಲ. ಹುಳ ಇಲ್ಲದ ಕಾಯಿ ಸಿಕ್ಕಿದ್ರೆ ಅವನಿಗೆ ಬೇಜಾರು.

ಹಿತಕಬೇಳೆ ಮಾಡೋ ದಿನ ಇನ್ನೂ ಮಜಾ. ಕಾಳನ್ನ ನೀರಲ್ಲಿ ನೆನೆಹಾಕಿ, ಮೇಲಿನ ಸಿಪ್ಪೆ ಮೆತ್ತಗಾದ ಮೇಲೆ ಒಂದೊಂದೇ ಕಾಳು ಹಿಡಿದು ಹಿತಕಬೇಕು. ಗೊತ್ತಿದ್ದವರ ಕೈಯಲ್ಲಿ ಬೇಳೆ ಟಪ್ ಅಂತ ಪಾತ್ರೆಗೆ ಬೀಳುತ್ತೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತೆ. ಪುಟ್ಟ ಮೊದಮೊದಲು ಹಿತಕಿದಾಗ ಬೇಳೆ ಹಾರಿ ಟಿವಿ ಸ್ಟ್ಯಾಂಡಿನ ಕೆಳಗೆ ಹೋಯ್ತು. ಇನ್ನೊಂದು ಅಜ್ಜಿಯ ಕನ್ನಡಕಕ್ಕೆ ಬಡೀತು. ಬೇಕಂತಲೇ ಮಾಡ್ತಿದ್ದಾನೆ ಅನ್ನೋ ಹಾಗೆ ನಗ್ತಿದ್ದ, ಆದ್ರೆ ಹಣೆ ಮಾತ್ರ ಗಂಟಿಕ್ಕಿತ್ತು. ಮಕ್ಕಳು ಮನಸ್ಸಿಟ್ಟು ಮಾಡುವಾಗ ತುಟಿ ಸ್ವಲ್ಪ ಮುಂದೆ ಬರುತ್ತೆ. ಶಾಲೆಯಲ್ಲಿ ಆ ತುಟಿ ಕಂಡ್ರೆ ನಾವು ಆ ಕಡೆ ಸುಳಿಯೋದೇ ಇಲ್ಲ.

ನೋಡ್ತಾ ಕೂತಿದ್ದಾಗ ನನಗೆ ಹೊಳೆದದ್ದು: ಕಾಳು ಹಿತಕೋದು ಹೆಬ್ಬೆರಳು, ತೋರುಬೆರಳು, ನಡುಬೆರಳು ಸೇರಿ. ಶಾಲೆಯಲ್ಲಿ ಸಿಲಿಂಡರ್ ಬ್ಲಾಕ್ ಅಂತ ಇದೆ, ಮರದ ಸಿಲಿಂಡರುಗಳನ್ನ ಅದರದರ ಅಳತೆಯ ತೂತಿಗೆ ಕೂರಿಸೋದು. ಆ ಸಿಲಿಂಡರುಗಳಿಗೆ ಪುಟ್ಟ ಪುಟ್ಟ ಹಿಡಿ ಇಟ್ಟಿರೋದೂ ಈ ಮೂರು ಬೆರಳಿಗಾಗಿಯೇ, ಮುಂದೆ ಪೆನ್ಸಿಲ್ ಹಿಡಿಯೋದೂ ಇವೇ ಮೂರು. ಒಂದು ಬ್ಲಾಕಿಗೆ ಹತ್ತು ಸಿಲಿಂಡರು, ಅಂಥ ನಾಲ್ಕು ಬ್ಲಾಕು. ಬೀಚ್ ಮರದ ಪಾಲಿಶ್ ಮಾಡಿದ ಸೆಟ್ಟು ತಗೊಂಡ್ರೆ ಸಾವಿರಾರು ರೂಪಾಯಿ. ಅವರೆಕಾಳಿನ ಸೆಟ್ಟನ್ನ ಸಂಜೆ ಸಾರು ಮಾಡಿ ಮುದ್ದೆಗೆ ನೆಂಚ್ಕೊಳ್ಳಬಹುದು.

ಹಾಗಂತ ಅತ್ತೆ ಮಾಡೋದೆಲ್ಲ ನಮ್ಮ ಪುಸ್ತಕದ ಪ್ರಕಾರ ಇದೆ ಅಂತಲ್ಲ. ಅವರ ಕೈ ಭಾರೀ ಜೋರು. ಟಪ ಟಪ ಟಪ ಅಂತ ಹೋಗ್ತಿದ್ರೆ ಎರಡು ವರ್ಷದ ಕಣ್ಣಿಗೆ ಅಲ್ಲಿ ಏನಾಗ್ತಿದೆ ಅಂತ ಕಾಣೋದೇ ಇಲ್ಲ. ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಡೋ ಮೊದಲ ಪಾಠವೇ ಇದು: ಕೈಯನ್ನ ನಿಧಾನ ಮಾಡು, ಬಾಯನ್ನ ಮುಚ್ಚು. ತೋರಿಸುವಾಗ ಮಾತಾಡಿದ್ರೆ ಮಗು ನಮ್ಮ ಬಾಯಿ ನೋಡುತ್ತೆ, ಕೈ ನೋಡಲ್ಲ. “ಅತ್ತೆ, ಒಂದ್ಸಲ ನಿಧಾನಕ್ಕೆ ತೋರಿಸಿ” ಅಂದೆ. “ನಿಧಾನಕ್ಕೆ ಮಾಡ್ಕೊಂಡು ಕೂತ್ರೆ ಸಾರು ನಾಳೆಗಾಯ್ತದೆ ಕಣಮ್ಮ” ಅಂದ್ರು. ಸರಿ ಅಂತ ನಾನೇ ಅವನ ಬಲಗಡೆ ಕೂತೆ. ಒಂದು ಕಾಳು ಎತ್ತಿದೆ, ಮೊಳಕೆಯ ತುದಿ ಪಾತ್ರೆ ಕಡೆಗೆ ತಿರುಗಿಸಿದೆ, ಎಡಗೈಯನ್ನ ಮುಂದೆ ಗೋಡೆ ಥರ ಅಡ್ಡ ಇಟ್ಟೆ, ಒತ್ತಿದೆ. ಇನ್ನೊಂದು ಸಲ. ಮೂರನೇ ಸಲಕ್ಕೆ ಅವನ ಎಡಗೈ ಅಡ್ಡ ಬಂತು. ಬೇಳೆ ಹಾರಲಿಲ್ಲ. ಅವನು ಮೊದಲು ಪಾತ್ರೆ ನೋಡಿದ, ಆಮೇಲೆ ನನ್ನನ್ನ ನೋಡಿದ, ಆಮೇಲೆ ನನ್ನನ್ನ ಮರೆತೇಬಿಟ್ಟ. ಡಿಪ್ಲೊಮಾಗೆ ಕಟ್ಟಿದ ದುಡ್ಡು ಆ ನಿಮಿಷಕ್ಕೆ ವಸೂಲಾಯ್ತು.

ಕಾಳು ಮೂಗಿಗೆ ತೂರಿಸ್ಕೊಳ್ಳೋ, ಬಾಯಿಗೆ ಹಾಕಿ ಗಂಟಲಿಗೆ ಸಿಕ್ಕಿಸ್ಕೊಳ್ಳೋ ವಯಸ್ಸಿದು. ಅತ್ತೆ ತಮ್ಮ ಕೆಲಸ ಮಾಡ್ಕೊಂಡು, ಪಕ್ಕದ ಮನೆಯವರ ಹತ್ತಿರ ಕಾಂಪೌಂಡ್ ಮೇಲಿಂದ ಮಾತಾಡ್ಕೊಂಡು, ಅವನ ಮೂಗನ್ನ ಮಾತ್ರ ಬಿಡದೆ ನೋಡ್ತಿರ್ತಾರೆ. ಅವನ ಮುಖಕ್ಕೆ ಮುಖ ಕೊಟ್ಟು “ವಾವ್, ಸೂಪರ್, ಗುಡ್ ಬಾಯ್” ಅಂತ ಚಪ್ಪಾಳೆ ತಟ್ಟಲ್ಲ. ಹಿತಕಿದ್ರೆ ಆಯ್ತು, ಬಿಟ್ರೂ ಆಯ್ತು, ಕಾಳಂತೂ ಖಾಲಿಯಾಗಬೇಕು. ನಾವು ಶಾಲೆಯಲ್ಲಿ ಹೊಗಳದೆ ಇರೋದನ್ನ ಕಲಿಯೋಕೆ ಎಷ್ಟು ಕಷ್ಟಪಡ್ತೀವಿ. ಅತ್ತೆಗೆ ಅದು ಹುಟ್ಟಿನಿಂದ ಬಂದಿದೆ. ನಮ್ಮ ಮನೆಯವರನ್ನೂ ಅವರು ಒಂದು ದಿನವೂ ಹೊಗಳಿದ್ದನ್ನ ನಾನು ಕೇಳಿಲ್ಲ.

ಇನ್ನೊಂದು ಅವರ ಸ್ಟೀಲ್ ಡಬ್ಬಿಗಳು. ಒಂದರೊಳಗೊಂದು ಕೂರೋ ಐದು ಡಬ್ಬಿ, ಐದು ಮುಚ್ಚಳ, ಅವರ ಮದುವೆಗೆ ಬಂದವು, ಹೆಸರು ಬೇರೆ ಕೊರೆಸಿದ್ದಾರೆ. ಒಂದು ಮುಚ್ಚಳ ತಪ್ಪಿದ್ರೆ ಕೊನೆಗೆ ಇನ್ನೊಂದು ಡಬ್ಬಿ ಬಾಯಿ ತೆರೆದೇ ಕೂರುತ್ತೆ. ಯಾರೂ “ತಪ್ಪು” ಅನ್ನಬೇಕಾಗಿಲ್ಲ. ಪುಟ್ಟ ಎಲ್ಲ ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡ್ತಾನೆ. ಮಾಂಟೆಸ್ಸರಿ ಮೆಟೀರಿಯಲ್ಲಿನ ಗುಟ್ಟೇ ಇದು, ತಪ್ಪನ್ನ ವಸ್ತುವೇ ತೋರಿಸಿಕೊಡಬೇಕು, ಟೀಚರ್ ಅಲ್ಲ. ನಮ್ಮ ಪಿಂಕ್ ಟವರ್ ಗೊತ್ತಿರಬೇಕು, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನ ತನಕ ಹತ್ತು ಗುಲಾಬಿ ಘನಗಳು. ಅದು ಶಾಲೆಯಲ್ಲಿದೆ, ಮನೆಗೆ ತರೋ ಆಸೆ ನನಗಿಲ್ಲ. ಶಾಲೆಯದು ಶಾಲೆಯಲ್ಲಿರಲಿ.

ಆದ್ರೆ ಆನ್‌ಲೈನಿನಲ್ಲಿ ‘ಮಾಂಟೆಸ್ಸರಿ ಟಾಯ್’ ಅಂತ ಹುಡುಕಿ ನೋಡಿ, ದಂಗಾಗ್ತೀರಿ. ಬ್ಯಾಟರಿ ಹಾಕಿದ್ರೆ ಹಾಡೋ ಗೊಂಬೆಗೂ ಆ ಹೆಸರಿದೆ. ಮಾಂಟೆಸ್ಸರಿ ಅನ್ನೋ ಹೆಸರಿಗೆ ಯಾರೂ ಯಜಮಾನರಿಲ್ಲ, ಯಾರು ಬೇಕಾದ್ರೂ ಬೋರ್ಡಿಗೆ ಹಾಕ್ಕೋಬಹುದು. ಒಳಗೆ ಬೆಂಚು, ಡಸ್ಕು, ಎರಡನೇ ವಯಸ್ಸಿಗೇ ಹೋಂವರ್ಕು ಇದ್ರೂ ಹೊರಗೆ ಮಾಂಟೆಸ್ಸರಿ. ಪರಿಚಯದವರು ಏನು ಕೊಳ್ಳಬೇಕು ಅಂತ ಕೇಳಿದ್ರೆ ನಾನು ಒಂದು ಗಟ್ಟಿ ಮಣೆ, ಒಂದು ಚಿಕ್ಕ ಚೊಂಬು, ಅವನ ಎತ್ತರಕ್ಕೆ ಗೋಡೆಗೊಂದು ಮೊಳೆ ಅಂತೀನಿ. ಮೊಳೆ ಯಾಕೆ ಅಂತ ಕೇಳ್ತಾರೆ. ಟವೆಲ್ ನೇತು ಹಾಕೋಕೆ. ಬಹಳ ಜನಕ್ಕೆ ಈ ಉತ್ತರ ರುಚಿಸಲ್ಲ, ಲಿಂಕ್ ಕಳಿಸಿ ಅಂತಾರೆ.

ಚೊಂಬಿನ ವಿಷಯದಲ್ಲಿ ಮಾತ್ರ ಅತ್ತೆಗೂ ನನಗೂ ಜಟಾಪಟಿ ಆಯ್ತು. ನೀರು ಸುರಿಯೋ ಹುಚ್ಚು ಈ ವಯಸ್ಸಿನ ಎಲ್ಲ ಮಕ್ಕಳಿಗೂ ಇರುತ್ತೆ. ತುಮಕೂರಿಗೆ ಬರೋದು ಹೇಮಾವತಿ ನೀರು, ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿ ಕೊಡ್ತಾರೆ. ನಮ್ಮ ಬೀದಿಯ ನಲ್ಲಿಗೆ ಅದು ದಿನಾ ಬರಲ್ಲ. ಬಿಂದಿಗೆ ಎಣಿಸಿ ಬದುಕಿದ ಅತ್ತೆಗೆ ಮೊಮ್ಮಗ ಲೋಟದಿಂದ ಲೋಟಕ್ಕೆ ನೀರು ಸುರಿದು ನೆಲಕ್ಕೆ ಚೆಲ್ಲೋದು ನೋಡೋಕಾಗಲ್ಲ. “ನಿಮ್ಮ ಸ್ಕೂಲಲ್ಲಿ ಬೋರ್‌ವೆಲ್ ಐತೇನೋ” ಅಂದ್ರು. ಕೊನೆಗೆ ಒಪ್ಪಂದ ಆದದ್ದು ಹೀಗೆ: ಅಕ್ಕಿ ತೊಳೆದ ನೀರು ಅವನದು. ಅದನ್ನ ಚೊಂಬಿಗೆ, ಚೊಂಬಿಂದ ಕರಿಬೇವಿನ ಗಿಡಕ್ಕೆ. ಗಿಡ ಈಗ ಸೊಂಪಾಗಿದೆ, ಪಕ್ಕದ ದಾಸವಾಳ ಮಾತ್ರ ಬಾಡಿದೆ. ಅವನಿಗೆ ಕರಿಬೇವೇ ಆಗಬೇಕು.

‘ಆಗಬೇಕು’ ಅಂದ್ರೆ ಆಗಲೇಬೇಕು. ಒಂದರಿಂದ ಮೂರು ವರ್ಷದ ಒಳಗೆ ಮಕ್ಕಳಿಗೆ ಕ್ರಮದ ಬಗ್ಗೆ ಒಂದು ಹಟ ಇರುತ್ತೆ ಅಂತ ನಾವು ಓದಿದ್ದೀವಿ, ಪೇರೆಂಟ್ಸಿಗೆ ಚೆನ್ನಾಗಿ ವಿವರಿಸಿಯೂ ಹೇಳ್ತೀವಿ. ಜಗತ್ತು ಇನ್ನೂ ಹೊಸದು, ವಸ್ತು ಇದ್ದಲ್ಲೇ ಇದ್ರೆ ಮಗುವಿಗೆ ಧೈರ್ಯ. ಮನೇಲಿ ಅದು ಹೇಗೆ ಕಾಣುತ್ತೆ ಅಂದ್ರೆ, ಅಪ್ಪನ ಚಪ್ಪಲಿಯನ್ನ ಮಾವ ಹಾಕ್ಕೊಂಡು ಅಂಗಡಿಗೆ ಹೋದ್ರು ಅಂತ ಇವನು ಗೇಟಿನ ಹತ್ತಿರ ಬಿದ್ದು ಹೊರಳಾಡ್ತಾನೆ. ಬಾಳೆಹಣ್ಣನ್ನ ನಾನು ಎರಡು ತುಂಡು ಮಾಡಿ ಕೊಟ್ಟೆ ಅಂತ ಅಳ್ತಾನೆ. ಸೇರಿಸಿ ಕೊಡು ಅಂತಾನೆ. ಮುರಿದ ಏಲಕ್ಕಿ ಬಾಳೆಯನ್ನ ಯಾವ ಟ್ರೈನಿಂಗೂ ಸೇರಿಸಿ ಕೊಡಲ್ಲ. ಶಾಲೆಯಲ್ಲಿ ಬೇರೆಯವರ ಮಗು ಹೀಗೆ ಅತ್ತಾಗ ಪಕ್ಕದಲ್ಲಿ ನೆಲದ ಮೇಲೆ ಕೂತು, ದನಿ ತಗ್ಗಿಸಿ, ಕಾಯ್ತೀನಿ. ಎಷ್ಟು ಹೊತ್ತಾದ್ರೂ ಕಾಯ್ತೀನಿ, ಅದಕ್ಕೇ ಸಂಬಳ ಕೊಡೋದು. ಮನೇಲಿ ಕುಕ್ಕರ್ ಕೂಗ್ತಿರುತ್ತೆ, ಸ್ಕೂಟಿಗೆ ಪೆಟ್ರೋಲ್ ಇರಲ್ಲ, ಎಂಟೂವರೆಗೆ ನಾನು ಎನ್ವಿರಾನ್ಮೆಂಟಿನಲ್ಲಿ ಇರಬೇಕು. ಕಾಯೋಕೆ ಬೇಕಾಗಿರೋದು ಜ್ಞಾನಕ್ಕಿಂತ ಹೆಚ್ಚಾಗಿ ಪುರುಸೊತ್ತು. ಅತ್ತೆಗೆ ಅದಿದೆ. ಅವರು ಬಾಳೆಹಣ್ಣಿನ ಗಲಾಟೆ ಮುಗಿಯೋ ತನಕ ಹೂ ಕಟ್ತಾ ಕೂರ್ತಾರೆ. ಐದು ನಿಮಿಷಕ್ಕೆ ಇವನು ಅದೇ ತುಂಡುಗಳನ್ನ ತಿಂದು ಬಂದು ಅವರ ತೊಡೆ ಮೇಲೆ ತಲೆ ಇಡ್ತಾನೆ.

ನನ್ನ ಸಹೋದ್ಯೋಗಿಗಳು ಇದನ್ನ ಓದಿದ್ರೆ, ಅತ್ತೆಯನ್ನ ಇಷ್ಟು ಹೊಗಳೋಕೆ ಏನಾಗಿದೆ ನಿನಗೆ ಅಂತಾರೆ. ಹೊಗಳಿಕೆ ಇಲ್ಲಿಗೆ ಸಾಕು. ನನಗೆ ತಡ್ಕೊಳ್ಳೋಕಾಗದೆ ಇರೋದು ಅವರಲ್ಲಿ ಎರಡಿದೆ.

ಮೊದಲನೇದು ನೆಲಕ್ಕೆ ಹೊಡೆಯೋದು. ಪುಟ್ಟ ಎಡವಿ ಬಿದ್ದ ಅಂದ್ಕೊಳ್ಳಿ. ತಕ್ಷಣ ಅತ್ತೆ ಓಡಿ ಬಂದು ನೆಲಕ್ಕೆ ಎರಡು ಬಿಡ್ತಾರೆ. “ನನ್ನ ಬಂಗಾರಕ್ಕೆ ಹೊಡೀತೀಯಾ, ತಗೋ, ತಗೋ!” ಇವನು ಅಳು ನಿಲ್ಲಿಸಿ ತಾನೂ ಎರಡು ಬಾರಿಸ್ತಾನೆ. ಕುರ್ಚಿ ತಾಗಿದ್ರೆ ಕುರ್ಚಿಗೆ, ಬಾಗಿಲು ತಾಗಿದ್ರೆ ಬಾಗಿಲಿಗೆ. ಅಳು ನಿಲ್ಲುತ್ತೆ ನಿಜ. ಆದ್ರೆ ಬಿದ್ದದ್ದು ನನ್ನ ಕಾಲು ತೊಡರಿದ್ದಕ್ಕೆ ಅಂತ ಅವನಿಗೆ ತಿಳಿಯೋದು ಯಾವಾಗ? ಡಬ್ಬಿಯ ಮುಚ್ಚಳ ತಪ್ಪಿದಾಗ ತಾನೇ ಸರಿ ಮಾಡ್ಕೊಳ್ಳೋ ಹುಡುಗ, ಬಿದ್ದಾಗ ನೆಲದ ಮೇಲೆ ಕೇಸು ಹಾಕೋದನ್ನ ಕಲೀತಿದ್ದಾನೆ. ಕಳೆದ ವಾರ ನನ್ನ ಮೊಣಕೈ ಅವನ ಹಣೆಗೆ ತಾಗಿ, ನನಗೇ ಬಿತ್ತು ಎರಡು. ಅತ್ತೆಗೆ ಹೇಳಿದ್ರೆ, “ನಿಮ್ಮ ಯಜಮಾನ್ರನ್ನ ಬೆಳೆಸಿದ್ದು ಹಿಂಗೇ ತಾನೆ, ಅವನೇನು ಊರೋರಿಗೆಲ್ಲ ಹೊಡೀತಾನಾ?” ಅಂತಾರೆ. ಈ ವಾದಕ್ಕೆ ಯಾವ ಸೊಸೆ ಹತ್ತಿರಾನೂ ಉತ್ತರ ಇರಲ್ಲ.

ಎರಡನೇದು ಊಟ. ನಾನಿದ್ದಾಗ ಅವನು ಮಣೆ ಮೇಲೆ ಕೂತು ತಾನೇ ತಿಂತಾನೆ. ಮುದ್ದೆ ಮಕ್ಕಳ ಕೈಗೆ ಒಗ್ಗೋ ಊಟ ಅಂತ ನನ್ನ ಅನುಭವ. ಅನ್ನದ ಹಾಗೆ ಉದುರಲ್ಲ, ಮುರಿದ್ರೆ ಮುರಿಯುತ್ತೆ, ಸಾರಿಗೆ ಅದ್ದಿದ್ರೆ ಜಾರಿ ಹೋಗುತ್ತೆ. ಮೊಣಕೈ ತನಕ ಬಸ್ಸಾರು ಮಾಡ್ಕೊಂಡ್ರೂ ಹೊಟ್ಟೆಗೆ ಬೇಕಾದಷ್ಟು ಹೋಗಿರುತ್ತೆ. ನಾನಿಲ್ಲದಾಗ ಅದೇ ಹುಡುಗನಿಗೆ ಅತ್ತೆ ತಟ್ಟೆ ಹಿಡ್ಕೊಂಡು ಬೀದಿಯುದ್ದ ಮೆರವಣಿಗೆ ಮಾಡ್ತಾರೆ. ಕಾಗೆಗೊಂದು ತುತ್ತು, ನಾಯಿಗೊಂದು ತುತ್ತು, ರೈಲು ಹೋದ್ರೆ ರೈಲಿಗೊಂದು ತುತ್ತು. ಹಸಿವಾಗಿದೆಯೋ ಇಲ್ಲವೋ ಅಂತ ಹೇಳೋ ಹಕ್ಕು ಹೊಟ್ಟೆಯ ಯಜಮಾನನಿಗೆ ಇರಬೇಕಲ್ವಾ? “ತಿನ್ನಲಿಲ್ಲ ಅಂದ್ರೆ ನಿನ್ನ ಮಗ ಅಲ್ಲ, ನಾನು ಉಪವಾಸ ಇರೋ ಹಂಗಾಗ್ತದೆ” ಅಂದ್ರು ಒಂದಿನ. ಸಿದ್ಧಗಂಗಾ ಮಠದ ದಾಸೋಹ ನೋಡ್ಕೊಂಡು ಬೆಳೆದ ಊರು ನಮ್ಮದು. ಎದುರಿಗಿರೋರ ಹೊಟ್ಟೆ ತುಂಬಲಿಲ್ಲ ಅನ್ನೋದನ್ನ ಇಲ್ಲಿಯವರು ಸಹಿಸಲ್ಲ. ಅದರ ಮುಂದೆ ನಾನು ಆಲ್ಬಂ ತೆಗೆದು ಓದೋಕಾಗಲ್ಲ. ಒಂದು ಗೆರೆ ಮಾತ್ರ ಎಳೆದಿದ್ದೀನಿ, ಊಟಕ್ಕೆ ಮೊಬೈಲ್ ಬೇಡ. ಅದನ್ನ ಅವರು ಮುರಿದಿಲ್ಲ. ಯೂಟ್ಯೂಬ್ ಹಾಕೋದು ಅವರಿಗೆ ಬರಲ್ಲ ಅನ್ನೋದೂ ಒಂದು ಕಾರಣ ಇರಬಹುದು.

ಟ್ರೈನಿಂಗಿನಲ್ಲಿ ಒಂದು ದಿನ ಮಾರಿಯಾ ಮಾಂಟೆಸ್ಸರಿಯವರ ಜೀವನದ ಬಗ್ಗೆ ಪಾಠ ಇತ್ತು. 1898ರಲ್ಲಿ ಅವರಿಗೆ ಮಾರಿಯೋ ಅನ್ನೋ ಮಗ ಹುಟ್ಟಿದ. ಮದುವೆ ಆಗಿರಲಿಲ್ಲ. ಆ ಕಾಲದ ಇಟಲಿಯಲ್ಲಿ ಅದು ಗೊತ್ತಾದ್ರೆ ಡಾಕ್ಟರ್ ಆಗಿ ಅವರ ಕೆಲಸ ಅಲ್ಲಿಗೇ ಮುಗೀತಿತ್ತು. ಮಗು ಹಳ್ಳಿಯ ಒಂದು ಕುಟುಂಬದಲ್ಲಿ ಬೆಳೀತು. ಇವರು ಆಗಾಗ ಹೋಗಿ ನೋಡ್ಕೊಂಡು ಬರ್ತಿದ್ರು, ತಾಯಿ ಅಂತ ಹೇಳ್ಕೊಳ್ಳದೆ. ರೋಮ್‌ನಲ್ಲಿ ‘ಮಕ್ಕಳ ಮನೆ’ ಶುರುವಾದಾಗ ಮಾರಿಯೋಗೆ ಎಂಟು ವರ್ಷ, ಬೇರೆಯವರ ಮನೇಲಿದ್ದ. ತಾಯಿಯ ಜೊತೆ ಬಂದು ಸೇರ್ಕೊಂಡಿದ್ದು ಹದಿನೈದರ ಸುಮಾರಿಗೆ. ಪಾಠ ಕೇಳ್ತಿದ್ದ ನಾವೆಲ್ಲ ಹೆಚ್ಚಿನವರು ತಾಯಂದಿರು. ನನ್ನ ಪಕ್ಕ ಕೂತಿದ್ದವಳು ಎಂಟು ತಿಂಗಳ ಮಗಳನ್ನ ಮಧುಗಿರಿಯಲ್ಲಿ ಅಮ್ಮನ ಹತ್ತಿರ ಬಿಟ್ಟು ಬೆಂಗಳೂರಲ್ಲಿ ಪಿಜಿಯಲ್ಲಿದ್ದಳು. ಅವಳು ಪೆನ್ನು ಕೆಳಗಿಟ್ಟಳು.

ಅದೇ ಮಾರಿಯೋ ಆಮೇಲೆ ತಾಯಿಯ ಕೆಲಸಕ್ಕೇ ಹೆಗಲು ಕೊಟ್ಟ. 1939ರಲ್ಲಿ ಇಬ್ಬರೂ ಮದ್ರಾಸಿಗೆ ಬಂದ್ರು, ಅಡ್ಯಾರಿನ ಥಿಯಾಸಫಿಕಲ್ ಸೊಸೈಟಿಯಲ್ಲಿ ಟೀಚರುಗಳಿಗೆ ತರಬೇತಿ ಕೊಡೋಕೆ. ಮುಂದಿನ ವರ್ಷ ಇಟಲಿ ಯುದ್ಧಕ್ಕೆ ಇಳೀತು, ಇಟಲಿಯವರು ಅಂತ ಬ್ರಿಟಿಷ್ ಸರ್ಕಾರ ಮಾರಿಯೋನನ್ನ ಸೆರೆಯಲ್ಲಿಟ್ಟಿತು. 1940ರ ಆಗಸ್ಟ್ 31ಕ್ಕೆ ತಾಯಿಗೆ 70 ತುಂಬ್ತು. ಆ ಹುಟ್ಟುಹಬ್ಬದ ಉಡುಗೊರೆ ಅಂತ ವೈಸ್‌ರಾಯ್ ಮಗನ ಬಿಡುಗಡೆಗೆ ಹೇಳಿ ತಂತಿ ಕಳಿಸಿದ. ಅಲ್ಲಿಯ ತನಕ ಹೊರಗಿನವರ ಮುಂದೆ ಸಂಬಂಧಿಕ ಅಂತಲೋ ಸಾಕುಮಗ ಅಂತಲೋ ಹೇಳ್ಕೊಂಡು ಬಂದಿದ್ದವನನ್ನ ಆ ತಂತಿಯಲ್ಲಿ ಮಗ ಅಂತಲೇ ಕರೆದಿದ್ರು.

ತನ್ನ ಮಗುವನ್ನ ತಾನು ಬೆಳೆಸದವಳು ಊರ ಮಕ್ಕಳ ಬಗ್ಗೆ ಏನು ಹೇಳ್ತಾಳೆ ಅಂತ ಕೊಂಕು ಆಡೋರಿದ್ದಾರೆ. ನನಗೆ ಹಾಗೆ ಅನ್ನಿಸಲ್ಲ. ಬೆಳಿಗ್ಗೆ ಸ್ಕೂಟಿ ಸ್ಟಾರ್ಟ್ ಮಾಡುವಾಗ ಗೇಟಿನ ಕಂಬಿ ಹಿಡ್ಕೊಂಡು “ಅಮ್ಮಾ, ನಾನೂ ಪೇಪೇ” ಅನ್ನೋ ಮುಖ ಬಿಟ್ಟು ಹೋಗಿ, ಒಂಬತ್ತು ಗಂಟೆಗೆ ಬೇರೆ ಮಗುವಿನ ಶೂ ಲೇಸಿನ ಮುಂದೆ ಮಂಡಿಯೂರಿ ಕೂತವರಿಗೆ ಅಂಥ ಕೊಂಕು ಆಡೋಕೆ ಬಾಯಿ ಬರಲ್ಲ. ನನಗಿರೋ ಪುಣ್ಯ ಅಂದ್ರೆ ನಾನು ಮಧ್ಯಾಹ್ನ ವಾಪಸ್ ಬರ್ತೀನಿ, ಬಿಟ್ಟು ಹೋಗಿರೋದು ಅವನ ಅಜ್ಜಿಯ ಹತ್ತಿರ. ಸಂಜೆ ಅವನಿಗೆ ಮೆಟೀರಿಯಲ್ಲೂ ಬೇಡ, ಪ್ರೆಸೆಂಟೇಶನ್ನೂ ಬೇಡ. ಸೊಂಟದ ಮೇಲೆ ಹತ್ತಿ ಕೂರಬೇಕು, ಅಷ್ಟೆ. ನಡೆಯೋ ಮಗುವನ್ನ ಎತ್ಕೊಳ್ಳಬೇಡಿ ಅಂತ ಪೇರೆಂಟ್ಸಿಗೆ ಹೇಳೋ ನಾನೇ ಎತ್ಕೊಂಡು ಅಮಾನಿಕೆರೆ ಪಾರ್ಕಲ್ಲಿ ಒಂದು ಸುತ್ತು ಹಾಕಿಸ್ತೀನಿ. ಶಾಲೆಯ ಮಕ್ಕಳು ಅಲ್ಲಿ ಸಿಕ್ಕಿ “ಆಂಟೀ!” ಅಂತ ಓಡಿ ಬಂದ್ರೆ ಇವನು ನನ್ನ ಕುತ್ತಿಗೆಯನ್ನ ಇನ್ನೂ ಬಿಗಿಯಾಗಿ ಹಿಡ್ಕೋತಾನೆ.

ಜೂನಿಗೆ ಅವನಿಗೆ ಎರಡೂವರೆ ದಾಟುತ್ತೆ. ಈಗ ಮನೇಲಿ ದಿನಾ ಅದೇ ಮಾತು. ನಮ್ಮ ಮನೆಯವರಿಗೆ ಒಂದನೇ ಕ್ಲಾಸಿನ ಲೆಕ್ಕ. 6 ವರ್ಷ ತುಂಬಬೇಕು ಅನ್ನೋ ನಿಯಮ, 2025ರಲ್ಲಿ ಆ ವರ್ಷದ ಮಟ್ಟಿಗೆ ಅದನ್ನ 5 ವರ್ಷ 5 ತಿಂಗಳಿಗೆ ಇಳಿಸಿದ್ದು, ಇವನು ಎಲ್ಲಿ ಬೀಳ್ತಾನೆ ಅಂತ ಟ್ರೈನಿನಲ್ಲಿ ಕೂತು ಫೋನಿನಲ್ಲಿ ಎಣಿಸ್ತಾರೆ. ನನ್ನ ತಲೆಬಿಸಿ ಬೇರೆ. ಸೇರಿಸಿದ್ರೆ ನನ್ನ ಎನ್ವಿರಾನ್ಮೆಂಟಿಗೆ ಬೇಡ, ಪಕ್ಕದ ಕೋಣೆಗೆ ಹಾಕಿ ಅಂತ ಈಗಲೇ ಹೇಳಿಟ್ಟಿದ್ದೀನಿ. ಮೂವತ್ತು ಮಕ್ಕಳಿಗೆ ಆಂಟಿ ಆಗಿರೋ ಹೊತ್ತಿನಲ್ಲಿ ಒಬ್ಬನಿಗೆ ಅಮ್ಮ ಆಗೋದು ಅವನಿಗೂ ಕಷ್ಟ, ಉಳಿದವರಿಗೂ ಅನ್ಯಾಯ. ಟೀಚರ್ ಮಕ್ಕಳು ಅಮ್ಮನ ಕೋಣೆಯಲ್ಲೇ ಕೂತು ವರ್ಷ ಪೂರ್ತಿ ಸೆರಗು ಬಿಡದೆ ಇದ್ದದ್ದನ್ನ ನೋಡಿದ್ದೀನಿ.

ಅತ್ತೆಗೆ ಮಾತ್ರ ಈ ವಿಷಯ ಎತ್ತಿದ್ರೆ ಮುಖ ಇಳಿಯುತ್ತೆ. “ಇನ್ನೊಂದ್ ವರ್ಷ ಇರ್ಲಿ ಬಿಡಮ್ಮ, ಅಲ್ಲಿ ಹೋಗಿ ಕಲಿಯೋದು ಏನೈತೆ” ಅಂತಾರೆ. ಸಮಾಧಾನಕ್ಕೆ ನಾನು ಶಾಲೆಯಲ್ಲಿ ಮಕ್ಕಳಿಗೆ ಅವರೆಕಾಳು ಹಿತಕೋ ಕೆಲಸ ಇಡೋ ವಿಚಾರ ಹೇಳಿದೆ. ದೊಡ್ಡ ಮಕ್ಕಳಿಗೆ ಮಾತ್ರ, ಒಂದು ಟ್ರೇ, ಎರಡು ಬಟ್ಟಲು, ಒರೆಸೋಕೆ ಬಟ್ಟೆ. ಹೆಡ್ ಒಪ್ಪಿದ್ದಾರೆ. “ಒಂದು ಬಟ್ಲಾ? ಅಷ್ಟರಲ್ಲಿ ಯಾರಿಗೆ ಸಾರಾಯ್ತದೆ?” ಅಂತ ಅತ್ತೆ ನಕ್ಕರು. ಆಮೇಲೆ ಕಾಳು ಎಷ್ಟು ಹೊತ್ತು ನೆನೆಯಬೇಕು, ಎಳೇದು ಯಾವುದು ಬಲಿತದ್ದು ಯಾವುದು ಅಂತ ನನಗೆ ಹೇಳಿಕೊಟ್ಟರು. ಬರೆದು ಇಟ್ಕೊಂಡಿದ್ದೀನಿ.

ಅವರೆಕಾಯಿ ಇನ್ನೇನು ಮುಗೀತು, ಈಗ ಬರ್ತಿರೋದರಲ್ಲಿ ಸೊಗಡು ಕಮ್ಮಿ ಅಂತ ಅತ್ತೆ ಗಾಡಿಯವನಿಗೆ ಆಗಲೇ ಬೈದಿದ್ದಾರೆ. ಮುಂದೆ ಹುಣಸೆಹಣ್ಣಿನ ಕಾಲ. ಊರಿಂದ ಮೂಟೆ ಬಂದ್ರೆ ವರಾಂಡದಲ್ಲಿ ಕೂತು ಓಡು ಬಿಡಿಸಿ, ನಾರು ತೆಗೆದು, ಕುಟ್ಟಿ ಬೀಜ ಬೇರೆ ಮಾಡೋ ಕೆಲಸ ತಿಂಗಳು ಹಿಡಿಯುತ್ತೆ. ಓಡು ಬಿಡಿಸೋದು, ನಾರು ಎಳೆಯೋದು ಪುಟ್ಟನಿಗೆ ಅಂತ ಇಬ್ಬರೂ ಒಪ್ಪಿದ್ದೀವಿ. ಚಿಕ್ಕ ಕಲ್ಲೊಂದನ್ನ ಅವನ ಕೈಗೆ ಕೊಡಬಹುದು, ಬೆರಳು ಎಲ್ಲಿಡಬೇಕು ಅಂತ ನಿಧಾನಕ್ಕೆ ತೋರಿಸಿದ್ರೆ ಕುಟ್ಟೋದನ್ನೂ ಕಲೀತಾನೆ ಅಂತ ನಾನು. ಮೂರು ತುಂಬೋ ತನಕ ಕಲ್ಲು ಮುಟ್ಟೋ ಹಾಗಿಲ್ಲ ಅಂತ ಅತ್ತೆ. ಈ ಸಲ ಹೆದರ್ತಿರೋದು ಅವರು, ಬಿಡಿ ಅಂತಿರೋದು ನಾನು. ಇನ್ನೂ ತೀರ್ಮಾನ ಆಗಿಲ್ಲ.